ಅಪ್ಪ ಅಮ್ಮ ಇಬ್ರದ್ದೂ ಕಂದು ಕೂದ್ಲು, ಮಗಳದ್ದು ಮಾತ್ರ ಕೆಂಪು ಹೆಂಗೆ?

ಪ್ರಶ್ನೆ: ನಾವು ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ಇದೀವಿ. ಪಕ್ಕದ್ಮನೆ ಗಂಡ ಹೆಂಡ್ತಿ ಇಬ್ರಿಗೂ ಕಂದು ಕೂದ್ಲು, ಮಗಳಿಗೆ ಮಾತ್ರ ಹುಣಸೆಹಣ್ಣು ಹಾಕಿ ಉಜ್ಜಿಟ್ಟ ತಾಮ್ರದ ಚೊಂಬಿನ ಬಣ್ಣ. ಅವ್ರನ್ನೇ ಕೇಳೋಣ ಅಂದ್ರೆ ಮುಜುಗರ.

ಉತ್ತರ: ದಯವಿಟ್ಟು ಕೇಳ್ಬೇಡಿ, ಆ ಪ್ರಶ್ನೆ ಕೇಳಿ ಕೇಳಿ ಅವ್ರಿಗೆ ಸಾಕಾಗಿರತ್ತೆ. ತಲೇಲಿ ಏನಾದ್ರೂ ಅನುಮಾನ ಇದ್ರೆ ಅದನ್ನೂ ತೆಗೆದಾಕಿ.

ಕೂದ್ಲಿಗೆ ಬಣ್ಣ ಕೊಡೋದು ಮೆಲನಿನ್, ಅದರಲ್ಲಿ ಎರಡು ಥರ, ಕಪ್ಪು-ಕಂದು ಕೊಡೋ ಯೂಮೆಲನಿನ್, ಕೆಂಪು-ಹಳದಿ ಕೊಡೋ ಫಿಯೋಮೆಲನಿನ್. ಯಾವ್ದು ಜಾಸ್ತಿ ತಯಾರಾಗ್ಬೇಕು ಅನ್ನೋದಕ್ಕೆ ಬಣ್ಣದ ಕೋಶದ ಮೇಲೆ ಒಂದು ಸ್ವಿಚ್ ಥರದ್ದು ಇರತ್ತೆ. ಅದನ್ನ ಮಾಡೋ ಜೀನ್ ಎಂಸಿ1ಆರ್, ಇರೋದು 16ನೇ ಕ್ರೋಮೋಸೋಮಲ್ಲಿ, ಇದಕ್ಕೂ ಕೆಂಪು ಕೂದ್ಲಿಗೂ ನಂಟಿದೆ ಅಂತ ಗೊತ್ತಾಗಿದ್ದು 1995ರಲ್ಲಿ. ಸ್ವಿಚ್ ಸರಿ ಇದ್ರೆ ಕಪ್ಪು, ಕೆಟ್ರೆ ಕೆಂಪೇ ಓಡ್ತಾ ಇರತ್ತೆ.

ಈ ಜೀನ್ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರತ್ತಲ್ಲ, ಒಂದು ಕೆಟ್ಟಿದ್ರೂ ಇನ್ನೊಂದು ಸಂಭಾಳಿಸ್ಕೊಂಡು ಹೋಗತ್ತೆ, ಅದಕ್ಕೇ ಅವರಿಬ್ರದ್ದೂ ಕಂದು. ಇಬ್ರೂ ಕೆಟ್ಟಿರೋದನ್ನೇ ಮಗೂಗೆ ದಾಟಿಸಿದ್ರೆ ಕೆಂಪು, ಪ್ರತಿ ಮಗೂಗೂ ಆ ಚಾನ್ಸ್ ಸುಮಾರು 4ರಲ್ಲಿ 1. ಬೇರೆ ಜೀನ್‌ಗಳೂ ಕೈ ಹಾಕ್ತವೆ, ಆದ್ರೆ ಮುಖ್ಯ ಕಥೆ ಇದು. ಒಂದ್ ಸುಳಿವು ಬೇಕಾ, ಆ ಅಪ್ಪ ನಾಲ್ಕು ದಿನ ಶೇವ್ ಮಾಡ್ದೇ ಇದ್ದಾಗ ಗಡ್ಡ ಬಿಸಿಲಲ್ಲಿ ನೋಡಿ, ತಲೆ ಕಂದು ಇದ್ರೂ ಗಡ್ಡದಲ್ಲಿ ಕೆಂಪೆಳೆ ಇದ್ರೂ ಇರ್ಬಹುದು.

ನಮ್ಮೂರ ಕಡೆ ಬಿಸಿಲಲ್ಲಿ ಆಡಿ ಆಡಿ ಮಕ್ಕಳ ಕೂದ್ಲು ಕೆಂಚಗಾಗತ್ತಲ್ಲ, ಅದು ಬೇರೆ, ಅಲ್ಲಿ ಬಿಸಿಲು ಕಪ್ಪನ್ನ ಹಾಳು ಮಾಡಿರತ್ತೆ ಅಷ್ಟೇ.

ಇನ್ನು ಶಾಲೇಲಿ ಆ ಹುಡುಗಿಗೆ 'ಜಿಂಜರ್', 'ಕ್ಯಾರೆಟ್' ಅಂತ ರೇಗಿಸಿರೋ ಸಾಧ್ಯತೆ ಇದ್ದೇ ಇದೆ, ಬ್ರಿಟನ್ನಲ್ಲಿ ಇದು ಹಳೇ ಚಾಳಿ, ಕೆಂಪು ಕೂದ್ಲಿನೋರು ಅತಿ ಹೆಚ್ಚಿರೋ ಜಾಗಗಳಲ್ಲಿ ಸ್ಕಾಟ್ಲೆಂಡೂ ಒಂದಾಗಿ ಹಿಂಗೆ, ವಿಚಿತ್ರ ನೋಡಿ. ನೆದರ್ಲೆಂಡ್ಸಲ್ಲಿ ಉಲ್ಟಾ ಆಯ್ತು: 2005ರಲ್ಲಿ ಬಾರ್ಟ್ ರೌವೆನ್‌ಹಾರ್ಸ್ಟ್ ಅನ್ನೋ ಕಲಾವಿದ ಚಿತ್ರ ಬರೆಯಕ್ಕೆ 15 ಜನ ಕೆಂಪು ಕೂದ್ಲಿನ ಹುಡುಗೀರು ಬೇಕು ಅಂತ ಪೇಪರಲ್ಲಿ ಜಾಹೀರಾತು ಕೊಟ್ರೆ ಸುಮಾರು 150 ಜನ ಬಂದ್ಬಿಟ್ರು, ಅದೇ ಈಗ ವರ್ಷಾವರ್ಷ ನಡೆಯೋ ಕೆಂಪು ಕೂದ್ಲಿನೋರ ಜಾತ್ರೆ.

ಅಂದಂಗೆ ಕೆಂಪು ಕೂದ್ಲಿನೋರ ಬಿಳೀ ಚರ್ಮ ಬಿಸಿಲಿಗೆ ಬೇಗ ಸುಡತ್ತೆ, ಚರ್ಮದ ಕ್ಯಾನ್ಸರ್ ಅಪಾಯಾನೂ ಜಾಸ್ತಿ. ಬೇಸಿಗೇಲಿ ನಿಮ್ಮ ಮಕ್ಕಳ ಜೊತೆ ಆಡಕ್ಕೆ ಬಂದ್ರೆ ಸನ್‌ಸ್ಕ್ರೀನ್ ಹಚ್ಕೊಂಡ್ಯಾ ಪುಟ್ಟಿ ಅಂತ ಕೇಳಿ, ಅದು ಮುಜುಗರ ಇಲ್ದೇ ಕೇಳ್ಬಹುದು.