ಖಾಸಗಿತನ ಕಾಪಾಡುವ ತಂತ್ರಾಂಶಗಳಿಗೆ ಕಷ್ಟದ ಅಂಕ ಕೊಡುವುದು: ಅಧ್ಯಯನ ಟಿಪ್ಪಣಿ

ಕ್ರೋಮ್, ಜಿಮೇಲ್, ಗೂಗಲ್ ಡ್ರೈವ್‌ಗಳಿಗೆ ಬದಲಿ ಸೂಚಿಸುವ ಪಟ್ಟಿಗಳಲ್ಲಿ ಪ್ರತಿ ಹೆಸರಿನ ಮುಂದೆ ಸುಲಭ, ಮಧ್ಯಮ, ಕಠಿಣ ಅಂತ ಇರುತ್ತದೆ. ಆ ಅಂಕ ಬಹುತೇಕ ಇನ್‌ಸ್ಟಾಲ್ ಮಾಡುವ ಕಷ್ಟವನ್ನಷ್ಟೇ ಅಳೆದಿರುತ್ತದೆ. ಕಲಿಯುವವರು ಕೈಚೆಲ್ಲುವುದು ಮಾತ್ರ ಆಮೇಲೆ: ಫೋನ್ ಕಳೆದಾಗ, ಪಾಸ್‌ವರ್ಡ್ ಮರೆತಾಗ, ಅಪ್‌ಡೇಟ್ ಅರ್ಧಕ್ಕೆ ನಿಂತಾಗ. ಆದ್ದರಿಂದ ಒಂದೊಂದಕ್ಕೂ ಮೂರು ಅಂಕ ಬರೆದುಕೊಳ್ಳಿ: ಹಾಕಿಕೊಳ್ಳಲು ಎಷ್ಟು, ನಡೆಸಿಕೊಂಡು ಹೋಗಲು ಎಷ್ಟು, ಕೆಟ್ಟರೆ ಸರಿಪಡಿಸಲು ಎಷ್ಟು.

ಅಳತೆ ಹೀಗಿರಲಿ. 1 ಅಂದರೆ ಆ್ಯಪ್ ಹಾಕಿ ಖಾತೆ ತೆರೆದರೆ ಸಾಕು. 2 ಅಂದರೆ ಸೆಟ್ಟಿಂಗ್ಸ್ ಹುಡುಕಿ ಬದಲಿಸಲು ಬರಬೇಕು, ಫೈಲ್ ಯಾವ ಫೋಲ್ಡರಿನಲ್ಲಿದೆ ಎಂಬುದು ಗೊತ್ತಿರಬೇಕು. 3ಕ್ಕೆ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಪರದೆ), ರೂಟರ್, ಐಪಿ ವಿಳಾಸಗಳ (ನೆಟ್‌ವರ್ಕಿನಲ್ಲಿ ಸಾಧನದ ವಿಳಾಸ) ಪರಿಚಯ ಬೇಕು. 4 ಅಂದರೆ ಸರ್ವರ್ ಒಂದನ್ನು ವರ್ಷಾನುಗಟ್ಟಲೆ ನೋಡಿಕೊಳ್ಳುವ ಕೆಲಸ.

ಮೂರು ಅಂಕಗಳ ಸರಾಸರಿ ತೆಗೆಯಬೇಡಿ, ದೊಡ್ಡದನ್ನೇ ಹಿಡಿಯಿರಿ. 1, 1, 4 ಬಂದರೆ ಸರಾಸರಿ 2, ನೋಡಲು ಹಗುರ. ಆದರೆ ಆ 4ರ ದಿನ ಬಂದಾಗ 2ರಷ್ಟೇ ತಿಳಿದವರು ಎಲ್ಲವನ್ನೂ ಕಳೆದುಕೊಳ್ಳುತ್ತಾರೆ.

ಬೇಗ ಮುಗಿಯುವವು

ಫೈರ್‌ಫಾಕ್ಸ್ ಬ್ರೌಸರ್ ಜೊತೆಗೆ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್: 1, 1, 1. ಯಾವುದಾದರೂ ತಾಣ ಮುರಿದಂತೆ ಕಂಡರೆ ಆ ತಾಣಕ್ಕೆ ಮಾತ್ರ ಯುಬ್ಲಾಕ್ ಆಫ್ ಮಾಡಿ ನೋಡಿದರಾಯಿತು. ಅದರಲ್ಲೇ ‘ಅಡ್ವಾನ್ಸ್ಡ್ ಯೂಸರ್’ ಆಯ್ಕೆ ತೆರೆದು ಡೈನಾಮಿಕ್ ಫಿಲ್ಟರಿಂಗ್‌ಗೆ (ತಾಣದ ಯಾವ ಭಾಗ ಬರಬೇಕು, ಯಾವುದು ಬೇಡ ಎಂದು ಕೈಯಾರೆ ನಿರ್ಧರಿಸುವುದು) ಇಳಿದರೆ ಅಂಕ ಸೀದಾ 3ಕ್ಕೆ ಏರುತ್ತದೆ. ಆರಂಭದಲ್ಲಿ ಅದು ಬೇಡವೇ ಬೇಡ.

ಮೆಸೇಜ್ ಆ್ಯಪ್ ಸಿಗ್ನಲ್: 1, 1, 2. ಹೊಸ ಫೋನಿನಲ್ಲಿ ಅದೇ ನಂಬರ್ ಹಾಕಿದರೆ ಖಾತೆ ಬರುತ್ತದೆ, ಹಳೆಯ ಮೆಸೇಜುಗಳು ತಾವಾಗಿ ಬರುವುದಿಲ್ಲ. ಅದಕ್ಕೆ ಮೊದಲೇ ಬ್ಯಾಕಪ್ ಆನ್ ಮಾಡಿ, ಅದರ ಕೀಯನ್ನು ಫೋನಿನ ಹೊರಗೆ ಬರೆದಿಟ್ಟಿರಬೇಕು. ರಿಜಿಸ್ಟ್ರೇಷನ್ ಲಾಕ್ (ಪಿನ್ ಇಲ್ಲದೆ ಆ ನಂಬರನ್ನು ಮತ್ತೆ ನೋಂದಾಯಿಸಲು ಬಿಡದ ಬೀಗ) ಹಾಕಿ ಪಿನ್ ಮರೆತರೆ 7 ದಿನದವರೆಗೂ ಕಾಯಬೇಕಾಗಬಹುದು.

ಜಿಮೇಲ್ ಬದಲಿಗೆ ಬಳಸುವ ಪ್ರೋಟಾನ್ ಮೇಲ್ ಕೂಡ 1, 1, 2. ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದರೆ ಖಾತೆಯೊಳಗೆ ಹೋಗಬಹುದು, ಹಳೆಯ ಪತ್ರಗಳು ಮಾತ್ರ ಬೀಗ ಹಾಕಿದಂತೆಯೇ ಉಳಿಯುತ್ತವೆ. ಪತ್ರಗಳ ಕೀಗೆ ಹಳೆಯ ಪಾಸ್‌ವರ್ಡೇ ರಕ್ಷೆಯಾಗಿರುವುದರಿಂದ ಹೀಗೆ. ಖಾತೆ ತೆರೆದ ದಿನವೇ ರಿಕವರಿ ಫ್ರೇಸ್ (ಹಳೆಯ ಪತ್ರಗಳನ್ನು ಮರಳಿ ತೆರೆಯಲು ಬೇಕಾದ ಪದಗಳ ಸಾಲು) ಬರೆದಿಡಿ. ನಮ್ಮ ಡೇಟಾ ಕಂಪನಿಗೂ ಓದಲಾಗದಂತೆ ಎನ್‌ಕ್ರಿಪ್ಟ್ ಆಗಿರುವ ಕಡೆಯೆಲ್ಲ ಮೂರನೆಯ ಅಂಕ ಕನಿಷ್ಠ 2 ಎಂದೇ ಇಟ್ಟುಕೊಳ್ಳಿ.

ಕೀಪಾಸ್‌ಎಕ್ಸ್‌ಸಿ ಮತ್ತು ಸಿಂಕ್‌ಥಿಂಗ್

ಕೀಪಾಸ್‌ಎಕ್ಸ್‌ಸಿ ಪಾಸ್‌ವರ್ಡುಗಳನ್ನು ಬೀಗ ಹಾಕಿದ ಒಂದು ಫೈಲಿನಲ್ಲಿಡುತ್ತದೆ, ಸಿಂಕ್‌ಥಿಂಗ್ ಆ ಫೈಲನ್ನು ಸಾಧನಗಳ ನಡುವೆ ಒಂದೇ ಸಮ ಇಡುತ್ತದೆ. ಸರ್ವರ್ ಇಲ್ಲದೆ, ಖಾತೆ ಇಲ್ಲದೆ ಪಾಸ್‌ವರ್ಡುಗಳು ಎರಡೂ ಸಾಧನಗಳಲ್ಲಿ ಇರುವಂತೆ ಮಾಡುವ ಈ ಜೋಡಿ ನನಗೆ ಬಹಳ ಇಷ್ಟ. ಪಟ್ಟಿಗಳಲ್ಲಿ ಇದಕ್ಕೆ ‘ಮಧ್ಯಮ’ ಅಂತ ಇರುತ್ತದೆ. ನನ್ನ ಅಂಕ 2, 2, 3, ಅಂದರೆ ಒಟ್ಟಾರೆ 3.

ಹಾಕಿಕೊಳ್ಳುವುದು ನೇರ. ಕಂಪ್ಯೂಟರಿನಲ್ಲಿ ಕೀಪಾಸ್‌ಎಕ್ಸ್‌ಸಿ ಬಳಸಿ ಡೇಟಾಬೇಸ್ ಮಾಡಿ, ಆ ಫೈಲನ್ನು ಅದಕ್ಕೆಂದೇ ಇರುವ ಫೋಲ್ಡರಿನಲ್ಲಿಡಿ, ಸಿಂಕ್‌ಥಿಂಗ್‌ನಲ್ಲಿ ಎರಡೂ ಕಡೆಯ ಡಿವೈಸ್ ಐಡಿ ಸೇರಿಸಿ ಫೋಲ್ಡರ್ ಹಂಚಿ, ಆಂಡ್ರಾಯ್ಡ್ ಫೋನಿನಲ್ಲಿ ಕೀಪಾಸ್‌ಡಿಎಕ್ಸ್ ಮೂಲಕ ಅದೇ ಫೈಲ್ ತೆರೆಯಿರಿ. ಆಂಡ್ರಾಯ್ಡಿನ ಅಧಿಕೃತ ಸಿಂಕ್‌ಥಿಂಗ್ ಆ್ಯಪ್ 2024ರ ಡಿಸೆಂಬರಿಗೆ ನಿಂತಿತು, ಹಾಗಾಗಿ ಬೇರೆಯವರು ಮುಂದುವರಿಸಿರುವ ಸಿಂಕ್‌ಥಿಂಗ್-ಫೋರ್ಕ್ ಹಾಕಬೇಕು. ಬ್ಯಾಟರಿ ಆಪ್ಟಿಮೈಸೇಷನ್‌ನಿಂದ ಅದನ್ನು ಹೊರಗಿಡಿ, ಇಲ್ಲವಾದರೆ ಫೋನ್ ಅದನ್ನು ಸದ್ದಿಲ್ಲದೆ ನಿಲ್ಲಿಸುತ್ತದೆ.

ಕಗ್ಗಂಟು ಮುಂದಿದೆ. ನೆಟ್ ಇಲ್ಲದ ಹೊತ್ತಲ್ಲಿ ಫೋನಿನಲ್ಲೊಂದು ಪಾಸ್‌ವರ್ಡ್ ಸೇರಿಸಿದಿರಿ, ಕಂಪ್ಯೂಟರಿನಲ್ಲಿ ಇನ್ನೊಂದು. ಸಿಂಕ್‌ಥಿಂಗ್ ಫೈಲಿನ ಒಳಗೆ ಏನಿದೆ ಎಂದು ನೋಡುವುದಿಲ್ಲ. ಅದರ ಕಣ್ಣಿಗೆ ಇವು ಒಂದೇ ಹೆಸರಿನ ಎರಡು ಬೇರೆ ಫೈಲುಗಳು. ಸಾಮಾನ್ಯವಾಗಿ ಕೊನೆಗೆ ಬದಲಾದದ್ದಕ್ಕೆ ಮೂಲ ಹೆಸರು ಉಳಿಯುತ್ತದೆ, ಅದಕ್ಕೂ ಮೊದಲು ಬದಲಾದದ್ದರ ಹೆಸರಿಗೆ ‘ಸಿಂಕ್-ಕಾನ್‌ಫ್ಲಿಕ್ಟ್’, ದಿನಾಂಕ, ಸಮಯ ಸೇರಿಕೊಳ್ಳುತ್ತವೆ. ಎರಡೂ ಅದೇ ಫೋಲ್ಡರಿನಲ್ಲಿರುತ್ತವೆ. ಯಾವ ಎಚ್ಚರಿಕೆಯೂ ಎದ್ದು ಕಾಣುವುದಿಲ್ಲ. ಒಂದು ಪಾಸ್‌ವರ್ಡ್ ಮಾಯವಾದಂತೆ ತೋರುತ್ತದೆ, ಅಷ್ಟೆ.

ಆಗ ಆ ಕಾನ್‌ಫ್ಲಿಕ್ಟ್ ಫೈಲನ್ನು ಅಳಿಸಬಾರದು. ಕೀಪಾಸ್‌ಎಕ್ಸ್‌ಸಿಯಲ್ಲಿ ಮೂಲ ಫೈಲ್ ತೆರೆದು, ಡೇಟಾಬೇಸ್ ಮೆನುವಿನ ‘ಮರ್ಜ್ ಫ್ರಮ್ ಡೇಟಾಬೇಸ್’ ಒತ್ತಿ, ಕಾನ್‌ಫ್ಲಿಕ್ಟ್ ಫೈಲನ್ನು ತೋರಿಸಿ. ಕೀಪಾಸ್‌ಎಕ್ಸ್‌ಸಿ ನಮೂದುಗಳನ್ನು ಒಂದೊಂದಾಗಿ ಹೋಲಿಸಿ ಎರಡೂ ಕಡೆಯ ಹೊಸದನ್ನು ಉಳಿಸಿಕೊಳ್ಳುತ್ತದೆ. ಮಾಸ್ಟರ್ ಪಾಸ್‌ವರ್ಡನ್ನು ಈಚೆಗೆ ಬದಲಿಸಿದ್ದರೆ ಕಾನ್‌ಫ್ಲಿಕ್ಟ್ ಫೈಲ್ ಹಳೆಯ ಪಾಸ್‌ವರ್ಡನ್ನೇ ಕೇಳಬಹುದು. ಉಳಿಸಿ, ಕಾಣೆಯಾದ ನಮೂದು ಬಂತೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಅಳಿಸಿ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮ. ಸಿಂಕ್ ಆಗುತ್ತಿದೆ ಎಂದರೆ ಬ್ಯಾಕಪ್ ಇದೆ ಎಂದಾಗುವುದಿಲ್ಲ, ಏಕೆಂದರೆ ಅಳಿಸುವಿಕೆಯೂ ಸಿಂಕ್ ಆಗುತ್ತದೆ. ಇದಕ್ಕೆ ಸಿಂಕ್‌ಥಿಂಗ್‌ನ ಫೋಲ್ಡರ್ ಸೆಟ್ಟಿಂಗಿನಲ್ಲಿ ಹಳೆಯ ಪ್ರತಿಗಳನ್ನು ಉಳಿಸಿಡುವ ‘ಫೈಲ್ ವರ್ಷನಿಂಗ್’ ಇದೆ, ತಾನಾಗಿ ಆನ್ ಆಗಿರುವುದಿಲ್ಲ. ಆನ್ ಮಾಡಿದರೂ ಅದು ಹಿಡಿದಿಡುವುದು ಬೇರೆ ಸಾಧನದಿಂದ ಬಂದ ಬದಲಾವಣೆಯನ್ನು ಮಾತ್ರ. ಕಂಪ್ಯೂಟರಿನಲ್ಲಷ್ಟೇ ಆನ್ ಮಾಡಿದ್ದೀರಿ ಎಂದುಕೊಳ್ಳಿ. ಫೋನಿನಲ್ಲಿ ಫೈಲ್ ಅಳಿಸಿದರೆ ಕಂಪ್ಯೂಟರಿಗೆ ಆ ಸುದ್ದಿ ಹೊರಗಿನಿಂದ ಬರುತ್ತದೆ, ಅದು ತನ್ನ ಪ್ರತಿಯನ್ನು ತೆಗೆದಿಟ್ಟುಕೊಳ್ಳುತ್ತದೆ. ಕಂಪ್ಯೂಟರಿನಲ್ಲೇ ಅಳಿಸಿದರೆ ಅಲ್ಲಿ ಏನೂ ಉಳಿಯುವುದಿಲ್ಲ. ಫೋನಿಗೆ ಅದು ಹೊರಗಿನ ಸುದ್ದಿ, ಆದರೆ ಅಲ್ಲಿ ವರ್ಷನಿಂಗ್ ಇಲ್ಲ. ಆದ್ದರಿಂದ ಎರಡೂ ಕಡೆ ಆನ್ ಮಾಡಬೇಕು, ಜೊತೆಗೆ ಸಿಂಕ್‌ಥಿಂಗ್ ಮುಟ್ಟದ ಒಂದು ಪೆನ್‌ಡ್ರೈವಿನಲ್ಲಿ ಆಗಾಗ ಪ್ರತಿ ತೆಗೆಯಬೇಕು. ಇಷ್ಟನ್ನು ಓದಿ ತಲೆ ಬಿಸಿಯಾದರೆ, ಪಾಸ್‌ವರ್ಡುಗಳನ್ನು ತನ್ನದೇ ಸರ್ವರಿನಲ್ಲಿ ಇಟ್ಟುಕೊಳ್ಳುವ ಬಿಟ್‌ವಾರ್ಡನ್‌ನಲ್ಲಿ ಖಾತೆ ತೆರೆಯಿರಿ. ಅದು 1, 1, 2, ಮತ್ತು ಒಳ್ಳೆಯ ಆಯ್ಕೆಯೇ.

ಹೆಸರಿಗಲ್ಲ, ದಾರಿಗೆ ಅಂಕ

ಅದೇ ಬಿಟ್‌ವಾರ್ಡನ್ ಆ್ಯಪನ್ನು ಸ್ವಂತ ವಾಲ್ಟ್‌ವಾರ್ಡನ್ (ಬಿಟ್‌ವಾರ್ಡನ್ ಆ್ಯಪ್ ಜೊತೆ ಕೆಲಸ ಮಾಡುವ, ನಾವೇ ನಡೆಸುವ) ಸರ್ವರಿಗೆ ಜೋಡಿಸಿದರೆ ಅಂಕ 4. ಗೂಗಲ್ ಡ್ರೈವ್ ಬದಲಿಗೆ ಬಳಸುವ ನೆಕ್ಸ್ಟ್‌ಕ್ಲೌಡ್ ಕೂಡ ಹಾಗೆಯೇ: ಬೇರೆಯವರು ನಡೆಸುವ ಸರ್ವರಿನಲ್ಲಿ ಖಾತೆ ತೆರೆದರೆ 1, ಸ್ವಂತದ್ದಾದರೆ 4. ಸ್ವಂತ ಸರ್ವರಿಗೆ ಸುರಕ್ಷಿತ ಸಂಪರ್ಕದ (https) ಪ್ರಮಾಣಪತ್ರ ಬೇಕು. ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪ್ರಮಾಣಪತ್ರಕ್ಕೆ 90 ದಿನದ ಆಯುಸ್ಸು, ನವೀಕರಣ ತಾನಾಗಿ ಆಗುತ್ತಿದೆಯೇ ಎಂದು ನೋಡುತ್ತಿರಬೇಕು. ನೆಕ್ಸ್ಟ್‌ಕ್ಲೌಡ್‌ನ ದೊಡ್ಡ ಆವೃತ್ತಿಗಳನ್ನು ಹಾರಿಸಿ ಅಪ್‌ಗ್ರೇಡ್ ಮಾಡುವಂತಿಲ್ಲ, ಒಂದೊಂದಾಗಿಯೇ ಏರಬೇಕು. ಬ್ಯಾಕಪ್ ಎಂದರೆ ಡೇಟಾ ಫೋಲ್ಡರ್, ಡೇಟಾಬೇಸ್, ಸೆಟ್ಟಿಂಗ್ಸ್ ಇರುವ ಕಾನ್‌ಫಿಗ್ ಫೈಲ್ ಮೂರೂ ಒಂದೇ ಹೊತ್ತಿನವು. ಫೋಲ್ಡರನ್ನು ಮಾತ್ರ ನಕಲು ಮಾಡಿದವರಿಗೆ ಫೈಲುಗಳು ಸಿಗಬಹುದು. ಹಂಚಿಕೆಗಳು, ಕ್ಯಾಲೆಂಡರ್, ಸಂಪರ್ಕಗಳು ಹೋಗುತ್ತವೆ.

ಪೈ-ಹೋಲ್ (ಮನೆಯ ಪುಟ್ಟ ಕಂಪ್ಯೂಟರೊಂದರಲ್ಲಿ ಕೂತು ಎಲ್ಲ ಸಾಧನಗಳಿಗೂ ಜಾಹೀರಾತು ತಡೆಯುವ ತಂತ್ರಾಂಶ): 3, 2, 3. ಜಾಹೀರಾತು ನಿಲ್ಲದಿದ್ದರೆ ಮೊದಲು ರೂಟರಿನ ಎರಡನೆಯ ಡಿಎನ್‌ಎಸ್ (ತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಸೇವೆ) ಖಾನೆ ನೋಡಿ. ಅಲ್ಲಿ ಬೇರೆ ವಿಳಾಸವಿದ್ದರೆ ಸಾಧನಗಳು ಅದನ್ನೂ ಬಳಸುತ್ತವೆ. ಮೊದಲನೆಯದು ಕೆಟ್ಟಾಗ ಮಾತ್ರ ಎರಡನೆಯದು ಎಂಬ ನಿಯಮವೇನಿಲ್ಲ. ಫೋನಿನ ‘ಪ್ರೈವೇಟ್ ಡಿಎನ್‌ಎಸ್’ಗೆ ಬೇರೆ ಹೆಸರು ಕೊಟ್ಟಿದ್ದರೂ ಪೈ-ಹೋಲ್ ಬದಿಗೆ ಉಳಿಯುತ್ತದೆ. ಆ ಪುಟ್ಟ ಪೆಟ್ಟಿಗೆ ಆಫ್ ಆದರೆ ಮನೆಗೆಲ್ಲ ನೆಟ್ ನಿಂತಂತೆ, ಆದ್ದರಿಂದ ಮೂರನೆಯ ಅಂಕವನ್ನು ಮನೆಯಲ್ಲಿ ಅತಿ ಕಡಿಮೆ ತಿಳಿದವರ ಲೆಕ್ಕದಲ್ಲಿ ಹಾಕಿ.

ಪಿಕ್ಸೆಲ್ ಫೋನಿನಲ್ಲಿ ಮೂಲ ಆಂಡ್ರಾಯ್ಡ್ ಬದಲಿಗೆ ಹಾಕುವ ಗ್ರಾಫೀನ್‌ಒಎಸ್ ಇದಕ್ಕೆ ತಿರುವುಮುರುವು: 3, 1, 2. ಕಷ್ಟವೆಲ್ಲ ಮೊದಲ ದಿನವೇ. ಬೂಟ್‌ಲೋಡರ್ (ಫೋನ್ ಆನ್ ಆದಾಗ ಮೊದಲು ಓಡುವ ತಂತ್ರಾಂಶ) ಅನ್‌ಲಾಕ್ ಮಾಡುವಾಗ ಒಮ್ಮೆ, ಮತ್ತೆ ಲಾಕ್ ಮಾಡುವಾಗ ಇನ್ನೊಮ್ಮೆ ಫೋನ್ ಖಾಲಿಯಾಗುತ್ತದೆ. ಪಿಕ್ಸೆಲ್ ಕೊಳ್ಳುವ ಮೊದಲೇ, ಈ ಅನ್‌ಲಾಕಿಗೆ ಅನುಮತಿ ಕೊಡುವ ‘ಒಇಎಂ ಅನ್‌ಲಾಕಿಂಗ್’ ಆಯ್ಕೆ ಆನ್ ಆಗುತ್ತದೆಯೇ ನೋಡಿ. ಮೊಬೈಲ್ ಸೇವೆ (ಸಿಮ್) ಕೊಡುವ ಕಂಪನಿಗಳು ಮಾರುವ ಕೆಲವು ಫೋನುಗಳಲ್ಲಿ ಆಗುವುದಿಲ್ಲ. ಆಮೇಲೆ ಅಪ್‌ಡೇಟುಗಳು ತಾವಾಗಿ ಬರುತ್ತವೆ.

ಯಾವುದಕ್ಕೇ ಆಗಲಿ ಮೂರನೆಯ ಅಂಕ ಖಚಿತವಾಗುವುದು ಪರೀಕ್ಷೆಯಿಂದಲೇ: ಇನ್ನೊಂದು ಖಾಲಿ ಸಾಧನ ತೆಗೆದುಕೊಂಡು, ಬರೆದಿಟ್ಟ ಕೀ ಮತ್ತು ಬ್ಯಾಕಪ್‌ನಿಂದಷ್ಟೇ ಎಲ್ಲವನ್ನೂ ಮರಳಿ ತನ್ನಿ. ಅದು ಆಗುವವರೆಗೆ ಹಳೆಯ ಖಾತೆ ಮುಚ್ಚಬೇಡಿ.