ಐದು ಸೆಕೆಂಡಿನ ಲೆಕ್ಕ

2016ರ ಆಗಸ್ಟ್ 15ರ ನಸುಕಿನಲ್ಲಿ ಇಂಗ್ಲೆಂಡಿನ ಟೆಲ್ಫರ್ಡ್ ಪಟ್ಟಣದಲ್ಲಿ ಮಾಜಿ ಫುಟ್‌ಬಾಲ್ ಆಟಗಾರ ಡೇಲಿಯನ್ ಅಟ್ಕಿನ್ಸನ್ ಮೇಲೆ ಪೊಲೀಸನೊಬ್ಬ ಟೇಸರ್ ಎಂಬ ವಿದ್ಯುತ್ ಆಘಾತದ ಆಯುಧ ಹಾರಿಸಿದ. ಅಟ್ಕಿನ್ಸನ್ ಕುಸಿದು ಬಿದ್ದರು, ಆಮೇಲೆ ತಲೆಗೆ ಬೂಟುಗಾಲಿನ ಒದೆತಗಳೂ ಬಿದ್ದವು, ಹೆಚ್ಚು ಹೊತ್ತು ಕಳೆಯುವ ಮುನ್ನವೇ ಅವರು ಸತ್ತರು. ಐದು ವರ್ಷಗಳ ನಂತರ ನ್ಯಾಯಾಲಯ ಆ ಪೊಲೀಸನಿಗೆ ಎಂಟು ವರ್ಷ ಜೈಲು ವಿಧಿಸಿತು. ಕೆಲಸದ ಮೇಲಿದ್ದಾಗ ಆದ ಸಾವಿಗೆ ಬ್ರಿಟಿಷ್ ಪೊಲೀಸರು ಶಿಕ್ಷೆಗೊಳಗಾಗುವುದು ತೀರಾ ಅಪರೂಪ. ಈ ಪ್ರಕರಣದಲ್ಲಿ ಸಾಕ್ಷಿ ಹೇಳಿದವರ ಸಾಲಿನಲ್ಲಿ ಒಂದು ಯಂತ್ರವೂ ಇತ್ತು. ಟೇಸರಿನೊಳಗಿನ ದಾಖಲೆ ಹೇಳಿದ ಪ್ರಕಾರ ಟ್ರಿಗರ್ ಒತ್ತಿದ್ದು 33 ಸೆಕೆಂಡು, ಎಡೆಬಿಡದೆ. ಒಂದು ಸಲ ಒತ್ತಿ ಬಿಟ್ಟರೆ ಅದು ಓಡಬೇಕಾದದ್ದು ಐದು ಸೆಕೆಂಡು.

ಪೊಲೀಸರ ಕೈಯಲ್ಲಿರುವ ಆಯುಧಗಳಲ್ಲಿ ತನ್ನ ಲೆಕ್ಕವನ್ನು ತಾನೇ ಬರೆದಿಡುವಂಥದ್ದು ಬಹುಶಃ ಇದೊಂದೇ. ಎಷ್ಟು ಏಟು ಹೊಡೆದೆ ಎಂದು ಲಾಠಿ ಹೇಳುವುದಿಲ್ಲ. ಟೇಸರ್ ದಿನಾಂಕ, ಗಂಟೆ, ಸೆಕೆಂಡುಗಳ ಸಮೇತ ಹೇಳುತ್ತದೆ. ಹೀಗಿದ್ದೂ ಅದರ ಬಳಕೆಯ ಸುತ್ತಲಿನ ಜಗಳಗಳು ಮುಗಿಯುತ್ತಿಲ್ಲ. ಲೆಕ್ಕ ಇಲ್ಲದಿರುವುದು ಅದಕ್ಕೆ ಕಾರಣವಲ್ಲ. ಲೆಕ್ಕದ ಪುಸ್ತಕ ಯಾರ ಬಳಿ ಇದೆ, ಅದನ್ನು ಓದುವವರು ಯಾರು ಎಂಬುದೇ ತಕರಾರು. ಅದಕ್ಕೂ ಮೊದಲು ಯಂತ್ರವನ್ನು ನೋಡೋಣ.

ಟ್ರಿಗರ್ ಒತ್ತಿದ ಕೂಡಲೇ ಅದುಮಿಟ್ಟ ಸಾರಜನಕ ಅನಿಲ ಎರಡು ಮುಳ್ಳುಗಳನ್ನು ಹೊರಕ್ಕೆ ಚಿಮ್ಮಿಸುತ್ತದೆ. ಅವುಗಳ ಹಿಂದೆ ಕೂದಲೆಳೆಯಂಥ ತಂತಿಗಳು ಬಿಚ್ಚಿಕೊಳ್ಳುತ್ತ ಹೋಗುತ್ತವೆ. ಎರಡೂ ಮುಳ್ಳು ದೇಹಕ್ಕೋ ಬಟ್ಟೆಗೋ ಚುಚ್ಚಿಕೊಂಡರೆ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ಪತ್ರಿಕೆಗಳು ತಪ್ಪದೆ ಬರೆಯುವ 50,000 ವೋಲ್ಟ್ ಎಂಬ ಸಂಖ್ಯೆ ಕೇಳಲು ಭಯಂಕರ, ಆದರೆ ಅದು ದಾರಿ ತಪ್ಪಿಸುತ್ತದೆ. ಆ ಒತ್ತಡ ಬೇಕಾಗುವುದು ಮುಳ್ಳಿಗೂ ಚರ್ಮಕ್ಕೂ ನಡುವಿನ ಗಾಳಿಯನ್ನು ಸೀಳಿ ಕಿಡಿ ಹಾರಿಸಲು. ಬಹುಕಾಲ ಬಳಕೆಯಲ್ಲಿದ್ದ ಎಕ್ಸ್26 ಮಾದರಿಯಲ್ಲಿ ದೇಹದ ಮೇಲೆ ನಿಜಕ್ಕೂ ಬೀಳುತ್ತಿದ್ದುದು ಸುಮಾರು 1,200 ವೋಲ್ಟ್. ಸೆಕೆಂಡಿಗೆ ವಿದ್ಯುತ್ತಿನ 19 ಮಿಡಿತ, ಪ್ರತಿ ಮಿಡಿತದ ಅವಧಿ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು, ಅದರಲ್ಲಿ ಹರಿಯುವ ವಿದ್ಯುದಾವೇಶ ಸುಮಾರು 100 ಮೈಕ್ರೋಕೂಲಂ. ಗುಣಿಸಿದರೆ ಸರಾಸರಿ ಪ್ರವಾಹ ಎರಡು ಮಿಲಿಆಂಪಿಯರ್ ಆಸುಪಾಸು.

ಇಷ್ಟು ಕಡಿಮೆ ಪ್ರವಾಹಕ್ಕೆ ದಷ್ಟಪುಷ್ಟ ಮನುಷ್ಯ ಹೇಗೆ ಮರದ ಕೊರಡಿನಂತೆ ಬೀಳುತ್ತಾನೆ? ಉತ್ತರವಿರುವುದು ಮಿಡಿತದ ಅವಧಿಯಲ್ಲಿ. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಚುರುಕು. ಅಷ್ಟು ಕಿರಿದಾದ ಮಿಡಿತಕ್ಕೂ ಅವು ಕೆರಳುತ್ತವೆ. ಮಿದುಳು ಹೇಳದಿದ್ದರೂ ಸ್ನಾಯುಗಳು ಸೆಕೆಂಡಿಗೆ 19 ಸಲ ಸೆಟೆದುಕೊಳ್ಳುತ್ತವೆ, ನಡುವೆ ಸಡಿಲಗೊಳ್ಳಲು ಪುರುಸೊತ್ತಿಲ್ಲ. ಹೃದಯದ ಸ್ನಾಯು ಮಂದ, ಅದನ್ನು ಕೆರಳಿಸಲು ಹಲವು ಪಟ್ಟು ದೀರ್ಘವಾದ ಮಿಡಿತ ಬೇಕು. ನರಕ್ಕೆ ಸಾಕಾಗುವ, ಹೃದಯಕ್ಕೆ ಸಾಲದ ಈ ಸಂದಿನಲ್ಲಿ ಆಯುಧವನ್ನು ಕೂರಿಸಲಾಗಿದೆ. ಎಂಜಿನಿಯರಿಂಗ್ ಆಗಿ ನೋಡಿದರೆ ಜಾಣ ಕೆಲಸವೇ ಸರಿ.

ಆದರೆ ಆ ಸಂದು ಎಲ್ಲರಲ್ಲೂ, ಎಲ್ಲ ಕೋನಗಳಲ್ಲೂ ಒಂದೇ ಅಗಲವಾಗಿರುವುದಿಲ್ಲ. ಎದೆಯ ಮೇಲೆ, ಹೃದಯದ ಎರಡು ಬದಿಗೆ ಮುಳ್ಳು ಚುಚ್ಚಿದರೆ, ಅದೂ ಸಣಕಲು ದೇಹವಾದರೆ, ಹೃದಯಕ್ಕೂ ಮುಳ್ಳಿಗೂ ನಡುವಿನ ಅಂತರ ಕೆಲವೇ ಸೆಂಟಿಮೀಟರ್. 2009ರ ಅಕ್ಟೋಬರಿನಲ್ಲಿ ತಯಾರಕ ಕಂಪನಿಯೇ ಸಾಧ್ಯವಾದಷ್ಟು ಎದೆಗೆ ಗುರಿಯಿಡಬೇಡಿ ಎಂದು ಪೊಲೀಸರಿಗೆ ಸೂಚಿಸಿತು. 2012ರಲ್ಲಿ ಹೃದ್ರೋಗ ತಜ್ಞ ಡಗ್ಲಸ್ ಜೈಪ್ಸ್, ಎದೆಗೆ ಎಕ್ಸ್26 ತಗುಲಿ ಹೃದಯ ಸ್ತಂಭಿಸಿದ ಎಂಟು ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ಕಂಪನಿಯ ವಿರುದ್ಧದ ಮೊಕದ್ದಮೆಗಳಲ್ಲಿ ಅವರು ಸಂಭಾವನೆ ಪಡೆದ ಸಾಕ್ಷಿಯಾಗಿದ್ದರು, ಅದನ್ನು ಎತ್ತಿ ತೋರಿಸಿ ಎದುರಾಳಿಗಳು ಟೀಕಿಸಿದರು. ಟೀಕಿಸಿದವರಲ್ಲಿ ಕಂಪನಿಯ ನಿರ್ದೇಶಕ ಮಂಡಳಿಯಲ್ಲೇ ಕುಳಿತವರಿದ್ದರು. ಈ ಕ್ಷೇತ್ರದ ಸಂಶೋಧನೆ ಓದುವಾಗ ಪ್ರಬಂಧದ ಸಾರಾಂಶಕ್ಕಿಂತ ಮೊದಲು ಕೊನೆಯ ಪುಟದಲ್ಲಿರುವ ಹಿತಾಸಕ್ತಿ ಘೋಷಣೆಯನ್ನು ಓದುವುದು ಒಳ್ಳೆಯ ಅಭ್ಯಾಸ.

ಆರೋಗ್ಯವಂತ ವಯಸ್ಕರಲ್ಲಿ ಟೇಸರಿನ ನೇರ ಪರಿಣಾಮದಿಂದ ಸಾವಿನ ಅಪಾಯ ಹೆಚ್ಚು ಎನ್ನಲು ಖಚಿತ ಪುರಾವೆಯಿಲ್ಲ ಎಂದು ಅಮೆರಿಕದ ನ್ಯಾಯ ಇಲಾಖೆಯ ಸಂಶೋಧನಾ ಸಂಸ್ಥೆ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಆ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಟೇಸರಿಗೆ ಸಿಕ್ಕುವವರಲ್ಲಿ ಆರೋಗ್ಯವಂತ ವಯಸ್ಕರು ಎಷ್ಟು ಮಂದಿ? ಪ್ರಯೋಗಕ್ಕೆ ಒಡ್ಡಿಕೊಂಡವರಲ್ಲಿ ಬಹಳಷ್ಟು ಮಂದಿ ಗಟ್ಟಿಮುಟ್ಟಾದ ಪೊಲೀಸ್ ಸ್ವಯಂಸೇವಕರು, ಬೀಳದಂತೆ ಅಕ್ಕಪಕ್ಕದಲ್ಲಿ ಹಿಡಿದುಕೊಳ್ಳುವವರೂ ಇರುತ್ತಾರೆ. ಬೀದಿಯಲ್ಲಿ ಸಿಗುವವನು ಓಡಿ ದಣಿದವನು, ಮಾದಕವಸ್ತು ಸೇವಿಸಿದವನು, ಮಾನಸಿಕ ತೊಳಲಾಟದಲ್ಲಿರುವವನು. ಜೊತೆಗೆ ಸೆಟೆದ ದೇಹ ಬೀಳುವಾಗ ಕೈಯೂರಿ ತಲೆ ಉಳಿಸಿಕೊಳ್ಳುವಂತಿಲ್ಲ. 2023ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಕೂಮಾ ಪಟ್ಟಣದ ವೃದ್ಧಾಶ್ರಮದಲ್ಲಿ ಚಾಕು ಹಿಡಿದು, ನಡಿಗೆಗೆ ಆಸರೆಯಾದ ಚೌಕಟ್ಟು (ವಾಕರ್) ತಳ್ಳಿಕೊಂಡು ಬರುತ್ತಿದ್ದ 95 ವರ್ಷದ ಕ್ಲೇರ್ ನೌಲಂಡ್ ಮೇಲೆ ಪೊಲೀಸನೊಬ್ಬ ಟೇಸರ್ ಪ್ರಯೋಗಿಸಿದ. ಅವರು ಸತ್ತದ್ದು ಬಿದ್ದಾಗ ತಲೆಗಾದ ಪೆಟ್ಟಿನಿಂದ. ಹೃದಯದ ಬಗೆಗಿನ ಯಾವ ವಾದವೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ.

ಇನ್ನು ಆಯುಧ ವಿಫಲವಾಗುವ ಬಗೆಯನ್ನೂ ತಿಳಿಯಬೇಕು. ಎಕ್ಸ್26ರಂಥ ಮಾದರಿಗಳಲ್ಲಿ ಕೆಳಗಿನ ಮುಳ್ಳು ಎಂಟು ಡಿಗ್ರಿ ಓರೆಯಾಗಿ ಹಾರುತ್ತದೆ, ಏಳು ಅಡಿ ದೂರ ಹೋಗುವಷ್ಟರಲ್ಲಿ ಎರಡು ಮುಳ್ಳುಗಳ ನಡುವೆ ಒಂದಡಿ ಅಂತರ. ಎದುರಾಳಿ ತೀರಾ ಹತ್ತಿರವಿದ್ದರೆ ಮುಳ್ಳುಗಳು ಅಕ್ಕಪಕ್ಕದಲ್ಲೇ ನೆಡುತ್ತವೆ. ಆಗ ಕೆರಳುವುದು ಕೆಲವೇ ಸ್ನಾಯುಗಳು, ನೋವು ಮಾತ್ರ ಪೂರ್ತಿ. ವ್ಯಕ್ತಿ ಬೀಳುವುದಿಲ್ಲ, ಕಿರುಚುತ್ತಾನೆ, ಕೊಸರಾಡುತ್ತಾನೆ. ಕೊಸರಾಟ ಪೊಲೀಸನ ಕಣ್ಣಿಗೆ ಪ್ರತಿರೋಧವಾಗಿ ಕಾಣುತ್ತದೆ, ಬೆರಳು ಮತ್ತೆ ಟ್ರಿಗರಿಗೆ ಹೋಗುತ್ತದೆ. ಐದು ಸೆಕೆಂಡು ಹದಿನೈದಾಗುವುದು, ಇಪ್ಪತ್ತೈದಾಗುವುದು ಹೀಗೆ. ಹಿಡಿದೇ ಇದ್ದರೆ ಓಡುತ್ತಲೇ ಇರುವಂತೆ ಹಳೆಯ ಮಾದರಿಗಳನ್ನು ರೂಪಿಸಿದ್ದೂ ಮನುಷ್ಯರೇ ಎಂಬುದನ್ನು ಮರೆಯಬಾರದು. ಐದು ಸೆಕೆಂಡಿಗೆ ತಾನೇ ನಿಲ್ಲುವ ಬ್ಯಾಟರಿ ಆಮೇಲೆ ಬಂತು. ಮತ್ತೊಮ್ಮೆ ಒತ್ತಿದರೆ ಮತ್ತೆ ಐದು ಸೆಕೆಂಡು ಸಿಗುತ್ತದೆ. ಮೂರು ಸರದಿ, ಅಂದರೆ ಒಟ್ಟು 15 ಸೆಕೆಂಡು ಮೀರಿದರೆ ಗಂಭೀರ ಗಾಯದ ಅಥವಾ ಸಾವಿನ ಅಪಾಯ ಹೆಚ್ಚಬಹುದೆಂದು ಅಮೆರಿಕದ ಪೊಲೀಸ್ ಮುಖ್ಯಸ್ಥರ ವೇದಿಕೆಯೊಂದು ನ್ಯಾಯ ಇಲಾಖೆಯ ಜೊತೆಗೂಡಿ 2011ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಎಚ್ಚರಿಸುತ್ತದೆ. ಮಾರ್ಗಸೂಚಿಯನ್ನು ಪಾಲಿಸಲೇಬೇಕೆಂಬ ಕಟ್ಟಳೆಯಿಲ್ಲ.

ಇದೆಲ್ಲ ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯ. ಅಮೆರಿಕದ 12 ಪೊಲೀಸ್ ಇಲಾಖೆಗಳ 24,000ಕ್ಕೂ ಹೆಚ್ಚು ಬಲಪ್ರಯೋಗ ಪ್ರಕರಣಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ, ಇಂಥ ಆಯುಧ ಬಳಸಿದಲ್ಲಿ ಶಂಕಿತರಿಗೆ ಗಾಯವಾಗುವ ಸಂಭವ ಗಣನೀಯವಾಗಿ ಇಳಿಯುತ್ತದೆ ಎಂದು ಕಂಡಿತು. ಲಾಠಿಗಿಂತ, ಗುಂಡಿಗಿಂತ ಇದು ಮೇಲು ಎನ್ನುವವರ ಮಾತು ಪೊಳ್ಳಲ್ಲ. ಆದರೆ ಮೇಲು ಎಂಬ ಮಾತು ನಿಲ್ಲಬೇಕಾದರೆ ಲಾಠಿ ಅಥವಾ ಗುಂಡಿನ ಬದಲಿಗೆ ಇದು ಬಳಕೆಯಾಗಬೇಕು, ಬಾಯಿಮಾತಿನ ಬದಲಿಗೆ ಅಲ್ಲ. ಲಂಡನ್ ಸಿಟಿ ಪೊಲೀಸರ ಜೊತೆ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಪ್ರಯೋಗದಲ್ಲಿ, ಸೊಂಟದಲ್ಲಿ ಟೇಸರ್ ಇದ್ದ ಪಾಳಿಗಳಲ್ಲಿ ಬಲಪ್ರಯೋಗ ಸುಮಾರು ಅರ್ಧದಷ್ಟು ಹೆಚ್ಚಿತು. ಟೇಸರ್ ಹಾರಿಸಿದ್ದು ಅತಿ ವಿರಳ. ಅದು ಅಲ್ಲಿದೆ ಎಂಬುದೇ ಎರಡೂ ಕಡೆಯವರ ವರ್ತನೆಯನ್ನು ಬದಲಿಸಿದಂತಿತ್ತು.

ಈಗ ಲೆಕ್ಕದ ಪುಸ್ತಕಕ್ಕೆ ಬರೋಣ. 1990ರ ದಶಕದಲ್ಲೇ ಟೇಸರಿನ ತಯಾರಕ ಕಂಪನಿ ಮುಳ್ಳು, ತಂತಿ ತುಂಬಿದ ತನ್ನ ಕಾರ್ಟ್ರಿಜ್‌ಗಳೊಳಗೆ ಚಿಕ್ಕ ಚಿಕ್ಕ ಕಾಗದದ ಚೂರುಗಳನ್ನು ತುಂಬಲು ತೊಡಗಿತು. ಹಾರಿಸಿದಾಗ ಅವು ನೆಲದ ತುಂಬ ಚೆಲ್ಲುತ್ತವೆ, ಪ್ರತಿ ಚೂರಿನ ಮೇಲೂ ಕಾರ್ಟ್ರಿಜ್‌ನ ಕ್ರಮಸಂಖ್ಯೆ. ಅಷ್ಟನ್ನೂ ಹೆಕ್ಕಿ ತೆಗೆದು ಮುಚ್ಚಿಡುವುದು ಕಷ್ಟ. ನಂತರ ಸ್ಮೃತಿಕೋಶ ಬಂತು, ಟ್ರಿಗರಿನ ಪ್ರತಿ ಒತ್ತು ಅದರಲ್ಲಿ ದಾಖಲಾಯಿತು. ಈಚಿನ ಮಾದರಿಗಳು ಪ್ರತಿ ಮಿಡಿತದ ವಿದ್ಯುದಾವೇಶವನ್ನೂ ಬರೆದಿಡುತ್ತವೆ. ಎಕ್ಸ್26ರಂಥವುಗಳ ದಾಖಲೆ ಟ್ರಿಗರ್ ಒತ್ತಿದ್ದನ್ನು ಹೇಳುತ್ತದೆಯೇ ಹೊರತು ವಿದ್ಯುತ್ತು ದೇಹದೊಳಗೆ ಹರಿಯಿತೋ ಇಲ್ಲವೋ ಹೇಳುವುದಿಲ್ಲ. ನ್ಯಾಯಾಲಯದಲ್ಲಿ ವಕೀಲರು ಗಂಟೆಗಟ್ಟಲೆ ಕಾದಾಡುವುದು ಈ ವ್ಯತ್ಯಾಸದ ಮೇಲೆಯೇ.

2017ರಲ್ಲಿ ಆಕ್ಸನ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ ಇಂದು ಪೊಲೀಸರ ಎದೆಯ ಕ್ಯಾಮೆರಾವನ್ನೂ, ಆ ದೃಶ್ಯಗಳನ್ನು ಕೂಡಿಡುವ ಸರ್ವರನ್ನೂ ಮಾರುತ್ತದೆ. 2024ರಿಂದ ಕ್ಯಾಮೆರಾದ ಧ್ವನಿ ಕೇಳಿ ವರದಿಯ ಕರಡು ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಅದರ ಅಂಗಡಿಯಲ್ಲಿದೆ. ಆಯುಧ, ಸಾಕ್ಷಿ, ಸಾಕ್ಷಿಯ ಕಪಾಟು, ವರದಿಯ ಕರಡು, ಎಲ್ಲವೂ ಒಂದೇ ಮನೆಯವು. ಇದರಲ್ಲಿ ದುರುದ್ದೇಶ ಹುಡುಕಬೇಕಿಲ್ಲ, ಆದರೆ ಇಂಥ ಏರ್ಪಾಡನ್ನು ಲೆಕ್ಕಪರಿಶೋಧಕ ಯಾರಾದರೂ ಒಪ್ಪುತ್ತಾನೆಯೇ?

ಸಾವಿಗೆ ಕಾರಣ ಬರೆಯುವ ಕಾಗದದ ಕತೆ ಇನ್ನೂ ಕೆಟ್ಟದ್ದು. ಓಹಾಯೋ ರಾಜ್ಯದ ಸಮಿಟ್ ಕೌಂಟಿಯ ಶವಪರೀಕ್ಷಾ ಅಧಿಕಾರಿ ಮೂವರ ಸಾವಿನಲ್ಲಿ ಟೇಸರಿನ ಪಾತ್ರವಿತ್ತು ಎಂದು ದಾಖಲಿಸಿದಾಗ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ಆ ಉಲ್ಲೇಖವನ್ನು ತೆಗೆದುಹಾಕುವಂತೆ 2008ರಲ್ಲಿ ನ್ಯಾಯಾಧೀಶರು ಆದೇಶಿಸಿದರು. ಇನ್ನೊಂದು ಪ್ರಮಾಣಪತ್ರ ಬರೆಯುವಾಗ ವೈದ್ಯರ ಲೇಖನಿ ಎಷ್ಟು ಹಿಂಜರಿದಿರಬಹುದು! ಇಂಥ ಸಾವುಗಳಿಗೆ ಬಹುಕಾಲ ಅಂಟಿಸಲಾಗುತ್ತಿದ್ದ ಕಾರಣ ‘ಎಕ್ಸೈಟೆಡ್ ಡೆಲಿರಿಯಂ’, ಅಂದರೆ ಉನ್ಮಾದದ ಅತಿರೇಕ. ಇದನ್ನು ಅಮೆರಿಕದ ವೈದ್ಯಕೀಯ ಸಂಘ 2021ರಲ್ಲಿ ವಿರೋಧಿಸಿತು. 2023ರಲ್ಲಿ ಅಲ್ಲಿನ ತುರ್ತು ಚಿಕಿತ್ಸಾ ವೈದ್ಯರ ಸಂಘ ಅದನ್ನು ಬೆಂಬಲಿಸಿದ್ದ ತನ್ನ ಹಳೆಯ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಕ್ಯಾಲಿಫೋರ್ನಿಯಾ ಸಾವಿನ ಕಾರಣವಾಗಿ ಅದನ್ನು ಬರೆಯುವುದನ್ನೇ ನಿಷೇಧಿಸಿತು. ಈ ಹಿನ್ನೆಲೆಯಲ್ಲಿ ಅಂಕಿಅಂಶಗಳನ್ನು ಓದಬೇಕು. ಅಮೆರಿಕದಲ್ಲಿ ಪೊಲೀಸರು ಟೇಸರ್ ಬಳಸಿದ ಬಳಿಕ ಸಾವಿರಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ, ಅದರಲ್ಲಿ 153 ಸಾವುಗಳಲ್ಲಿ ಟೇಸರ್ ಕಾರಣ ಅಥವಾ ಸಹಕಾರಣವೆಂದು ಅಧಿಕೃತವಾಗಿ ದಾಖಲಾಗಿದೆ ಎಂದು ರಾಯಿಟರ್ಸ್ ಸುದ್ದಿಸಂಸ್ಥೆ 2017ರಲ್ಲಿ ವರದಿ ಮಾಡಿತು. ಈ ಎಣಿಕೆ ಮಾಡಿದ್ದು ಪತ್ರಕರ್ತರು. ಸರ್ಕಾರದ ಬಳಿ ಅಂಥ ಪಟ್ಟಿ ಇರಲಿಲ್ಲ.

ಹೊರಗಿನವರ ಕಣ್ಣು ಬಿದ್ದಾಗ ಏನಾಗುತ್ತದೆ ಎಂಬುದಕ್ಕೆ ಕೆನಡಾ ಉದಾಹರಣೆ. 2007ರ ಅಕ್ಟೋಬರ್ 14ರಂದು ವ್ಯಾಂಕೂವರ್ ವಿಮಾನನಿಲ್ದಾಣದಲ್ಲಿ ಪೋಲೆಂಡಿನಿಂದ ಬಂದಿಳಿದ, ಇಂಗ್ಲಿಷ್ ಬಾರದ ರಾಬರ್ಟ್ ಜೆಕಾನ್ಸ್ಕಿ ಮೇಲೆ ಪೊಲೀಸರು ಐದು ಸಲ ಟೇಸರ್ ಪ್ರಯೋಗಿಸಿದರು. ಆತ ಅಲ್ಲೇ ಸತ್ತ. ಪೊಲೀಸರ ಹೇಳಿಕೆಗೂ ಪ್ರಯಾಣಿಕನೊಬ್ಬ ಚಿತ್ರಿಸಿದ ವಿಡಿಯೊಗೂ ತಾಳೆಯಾಗಲಿಲ್ಲ. ನಿವೃತ್ತ ನ್ಯಾಯಾಧೀಶ ಥಾಮಸ್ ಬ್ರೇಡ್‌ವುಡ್ ವಿಚಾರಣೆ ನಡೆಸಿ ಬಲಪ್ರಯೋಗ ಸಮರ್ಥನೀಯವಲ್ಲ ಎಂದರು. ಇಬ್ಬರು ಪೊಲೀಸರಿಗೆ ಆಮೇಲೆ ಜೈಲಾಯಿತು, ಆದರೆ ಆ ಸಾವಿಗಾಗಿ ಅಲ್ಲ, ಆ ವಿಚಾರಣೆಯಲ್ಲಿ ಸುಳ್ಳು ಸಾಕ್ಷಿ ಹೇಳಿದ್ದಕ್ಕೆ.

ಅದೇ ದೇಶದಲ್ಲಿ 2008ರಲ್ಲಿ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ಹಳೆಯ ಎಕ್ಸ್26ಗಳನ್ನು ಪ್ರಯೋಗಾಲಯದಲ್ಲಿ ಅಳೆಸಿ ನೋಡಿತು. 41ರಲ್ಲಿ ನಾಲ್ಕು, ಕಂಪನಿ ಹೇಳಿದ್ದಕ್ಕಿಂತ ಹೆಚ್ಚಿನ ಪ್ರವಾಹ ಹರಿಸಿದವು. ಅಳತೆಯ ವಿಧಾನವೇ ತಪ್ಪು ಎಂದು ಕಂಪನಿ ಆಕ್ಷೇಪಿಸಿತು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ ಆ ವಾದದ ಇತ್ಯರ್ಥಕ್ಕೆ ಕಾಯಲಿಲ್ಲ, ತನ್ನ ಹಳೆಯ ಟೇಸರ್‌ಗಳನ್ನು ಪೊಲೀಸರ ಸೊಂಟದಿಂದ ಇಳಿಸಿ ಪರೀಕ್ಷೆಗೆ ಕಳುಹಿಸಿತು. ತರಕಾರಿ ತೂಗುವ ತಕ್ಕಡಿಗೂ ಕಾಲಕಾಲಕ್ಕೆ ಸರ್ಕಾರಿ ಮುದ್ರೆ ಬೀಳುತ್ತದೆ, ಮನುಷ್ಯನ ನರಗಳಿಗೆ ವಿದ್ಯುತ್ತು ಹಾಯಿಸುವ ಯಂತ್ರದ ಅಳತೆಗೆ ಆವರೆಗೆ ಸಾಕ್ಷಿಯಾಗಿದ್ದುದು ಬಹುಮಟ್ಟಿಗೆ ಮಾರಿದವನ ಮಾತು.