ಟ್ಯೂಬ್‌ಲೈಟಿಗೆ ಬಂದ ಹುಳಕ್ಕೆ ಹೆದರಬೇಡಿ, ಗೋಡೆಯಿಂದ ಬಂದದ್ದನ್ನು ಬಿಡಬೇಡಿ

ಏಪ್ರಿಲ್-ಮೇ ಮಳೆ ಜೋರಾಗಿ ಸುರಿದು ನಿಂತ ಸಂಜೆ ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆ ಕಡೆಯಿಂದ ನನಗೆ ಸಾಲಾಗಿ ಫೋನ್ ಬರುತ್ತದೆ. ಜಗಲಿ ತುಂಬ ರೆಕ್ಕೆ ಹುಳ, ಬೇಗ ಬಂದು ಔಷಧಿ ಹೊಡೆಯಿರಿ ಅಂತ. ನಾನು ಕೇಳುವುದು ಒಂದೇ: ಹೊರಗಿಂದ ಬೆಳಕಿಗೆ ಬಂದವಾ, ಇಲ್ಲ ಮನೆಯೊಳಗಿಂದಲೇ ಎದ್ದವಾ?

ಹೊರಗಿಂದ ಬಂದಿದ್ದರೆ ಲೈಟ್ ಆರಿಸಿ, ಬೆಳಿಗ್ಗೆ ಗುಡಿಸಿ. ಅಷ್ಟೇ. ಇವು ಸಾಮಾನ್ಯವಾಗಿ ರೆಕ್ಕೆ ಬಂದ ಗೆದ್ದಲು, ಕಾಫಿ ತೋಟದಲ್ಲಿ ಅವುಗಳ ಹುತ್ತ ಇದ್ದೇ ಇರುತ್ತದೆ. ಆ ಹುಳಗಳಲ್ಲಿ ಹೆಚ್ಚಿನವು ಹಕ್ಕಿ, ಹಲ್ಲಿ, ಕಪ್ಪೆಗಳ ಪಾಲು.

ಗೋಡೆ ಬಿರುಕು, ಬಾಗಿಲ ಚೌಕಟ್ಟು ಅಥವಾ ನೆಲದ ಸಂದಿಯಿಂದ ಎದ್ದಿದ್ದರೆ ಮಾತ್ರ ಬೇರೆ ಕಥೆ. ಒಂದು ಗೂಡು ರೆಕ್ಕೆ ಹುಳ ಹಾರಿಸುವಷ್ಟು ಬಲಿಯಲು ಕೆಲವು ವರ್ಷ ಬೇಕು, ಅಂದರೆ ಅದು ನಿಮ್ಮ ಮನೆ ಅಡಿಯಲ್ಲೋ ಪಕ್ಕದಲ್ಲೋ ನೆಲೆಸಿ ಆಗಲೇ ಬಹಳ ಕಾಲವಾಗಿದೆ. ಸ್ಪ್ರೇ ಹೊಡೆದರೆ ಹಾರಿದವು ಸಾಯುತ್ತವೆ, ಮರ ತಿನ್ನುವ ಕೆಲಸಗಾರ ಗೆದ್ದಲು ಒಳಗೆ ಹಾಯಾಗಿರುತ್ತವೆ.

ಅದು ಗೆದ್ದಲೇನಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ, ಯಾಕೆಂದರೆ ರೆಕ್ಕೆ ಇರುವೆ ನೋಡಿ ಗಾಬರಿಯಾಗುವವರೂ ಜಾಸ್ತಿ. ಗೆದ್ದಲಿಗೆ ಸೊಂಟವೇ ಇಲ್ಲ, ಮೀಸೆ ನೇರ, ನಾಲ್ಕೂ ರೆಕ್ಕೆ ಒಂದೇ ಉದ್ದ. ಇರುವೆಗೆ ಸಣ್ಣ ಸೊಂಟ, ಮೊಣಕೈಯಂತೆ ಬಾಗಿದ ಮೀಸೆ, ಮುಂದಿನ ರೆಕ್ಕೆ ದೊಡ್ಡದು. ಹುಳ ಸಿಗದಿದ್ದರೂ ಕಿಟಕಿ ಅಂಚಲ್ಲಿ ಉದುರಿದ ರೆಕ್ಕೆ ಸಿಗುತ್ತದೆ ಅಲ್ವಾ, ಅದನ್ನು ಗುಡಿಸಿ ಬಿಸಾಡಬೇಡಿ, ಗುರುತು ಹಿಡಿಯಲು ಎತ್ತಿಡಿ.

ಆಮೇಲೆ ಸ್ಕ್ರೂಡ್ರೈವರ್ ಹಿಡಿದು ಒಂದು ಸುತ್ತು ಹಾಕಿ. ಬಚ್ಚಲಿನ ಬಾಗಿಲು, ಐನ್‌ಮನೆಯಾದರೆ (ಕೊಡವರ ಹಳೆಯ ಕುಟುಂಬದ ಮನೆ) ಕಂಬದ ಬುಡ, ಗೋಡೆಗೆ ಒರಗಿಸಿದ ಸೌದೆ ರಾಶಿಯ ಹಿಂದೆ. ನಮ್ಮಲ್ಲಿ ತಿಂಗಳುಗಟ್ಟಲೆ ಗೋಡೆ ಒಣಗುವುದೇ ಇಲ್ಲ, ಗೆದ್ದಲಿಗೆ ಇನ್ನೇನು ಬೇಕು? ಮಣ್ಣಿನ ಸಣ್ಣ ಕೊಳವೆ ಕಂಡರೆ ಒಡೆದು ನೋಡಿ. ಬಿಳಿ ಹುಳ ಓಡಾಡಿದರೆ ಅಥವಾ ಒಡೆದ ಜಾಗ ಕೆಲವು ದಿನದಲ್ಲಿ ಮತ್ತೆ ಮುಚ್ಚಿಕೊಂಡರೆ ಗೂಡು ಜೀವಂತವಾಗಿದೆ. ಮಣ್ಣಿಲ್ಲದೆ ಮರದ ಕೆಳಗೆ ಗಸಗಸೆಯಂಥ ಕಾಳು ಉದುರಿದ್ದರೆ ಅದು ಒಣಮರದ ಗೆದ್ದಲು. ಅದರ ಚಿಕಿತ್ಸೆ ಆ ಮರಕ್ಕೇ, ನೆಲಕ್ಕಲ್ಲ.

ತೋಟದ ಸಿಲ್ವರ್ ಓಕ್ ತೊಗಟೆ ಮೇಲೆ ಮಣ್ಣು ಮೆತ್ತಿದ್ದನ್ನು ತೋರಿಸಿ ಮನೆಗೂ ಔಷಧಿ ಮಾರುವವರಿದ್ದಾರೆ. ಅಲ್ಲಿ ಅವು ತಿನ್ನುವುದು ಹೆಚ್ಚಾಗಿ ಸತ್ತ ತೊಗಟೆಯನ್ನು.

ನೆಲದ ಗೆದ್ದಲಿಗೆ ಚಿಕಿತ್ಸೆ ಅಂದರೆ ಗೋಡೆ-ನೆಲ ಸೇರುವ ಕಡೆ ಸುಮಾರು 30 ಸೆಂ.ಮೀ.ಗೊಂದು ತೂತು ಕೊರೆದು ಔಷಧಿ ಇಳಿಸಿ ಮುಚ್ಚುವುದು, ಹೊರಗೋಡೆಯ ಬುಡದ ಮಣ್ಣಿಗೂ ಕೊಡುವುದು. ಬರೀ ಮೇಲೆ ಸಿಂಪಡಿಸಿ ಹೋಗುವವರಿಗೆ ದುಡ್ಡು ಕೊಡಬೇಡಿ. ಔಷಧಿ ಕುಡಿಯುವ ನೀರಿಗೆ ಇಳಿಯಬಾರದು, ಹಾಗಾಗಿ ಬಾವಿ ಎಲ್ಲಿದೆ ಅಂತ ಕೇಳದೆ ಡಬ್ಬ ಬಿಚ್ಚಿದರೆ ಅಲ್ಲೇ ನಿಲ್ಲಿಸಿ.